ಮಾತಾಡಲಾರದವರ ಪರವಾಗಿ ಮಾತಾಡುವವರು ಯಾರು?

ಹೊನ್ನಾವರದಿಂದ ಕುಮಟೆಗೆ ಹೋಗುವ ದಾರಿಯಲ್ಲಿ ಹಳದೀಪುರ ಅಂತ ಒಂದು ಊರಿದೆ. ಬಸ್ಸಿನಲ್ಲಿ ತೂಕಡಿಸುತ್ತಾ ಹೋಗುವವರು ಗಮನಿಸದೇ ದಾಟಿಬಿಡುವಂಥ ಊರು. ನರ್ಸ್ ಅರುಣಾ ಶಾನಭಾಗ ಹುಟ್ಟಿದ್ದು ಅಲ್ಲಿ, 1948ರಲ್ಲಿ. ಮುಂಬಯಿಗೆ ಹೋಗಿ ಕೆಇಎಂ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದರು. ಅದೇ ಆಸ್ಪತ್ರೆಯ ಡಾಕ್ಟರೊಬ್ಬರ ಜೊತೆ ಮದುವೆಯೂ ನಿಶ್ಚಯವಾಗಿತ್ತು. 1973ರ ನವೆಂಬರ್ 27ರಂದು ಅಲ್ಲಿನ ಸ್ವೀಪರ್ ಒಬ್ಬ ನಾಯಿ ಕಟ್ಟುವ ಸರಪಳಿಯನ್ನು ಅವರ ಕುತ್ತಿಗೆಗೆ ಬಿಗಿದು ದೌರ್ಜನ್ಯ ಮಾಡಿದ. ಮೆದುಳಿಗೆ ಆಮ್ಲಜನಕ ಹೋಗುವುದು ನಿಂತಿತು. ಆಗ ಅವರಿಗೆ 25 ವರ್ಷ. ಅಲ್ಲಿಂದ ಮುಂದೆ 2015ರ ಮೇ 18ರಂದು ನ್ಯುಮೋನಿಯಾದಿಂದ ತೀರಿಕೊಳ್ಳುವವರೆಗೆ, ಅಂದರೆ 41 ವರ್ಷಕ್ಕೂ ಹೆಚ್ಚು ಕಾಲ, ಅದೇ ಆಸ್ಪತ್ರೆಯಲ್ಲಿ ಮಲಗಿದ್ದರು.

ಈ ಕತೆ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತು. "ದಯಾಮರಣದ ಕೇಸು" ಅಂದರೆ ಸಾಕು, ನೆನಪಾಗುತ್ತದೆ. ಆದರೆ ಅದರೊಳಗೆ ಒಂದಲ್ಲ, ಎರಡು ಧರ್ಮಸಂಕಟಗಳಿವೆ ಅನ್ನೋದು ನನಗೆ ಇತ್ತೀಚೆಗೆ ಕೂತು ಓದಿದಾಗಲೇ ಹೊಳೆದದ್ದು.

ಮೊದಲನೆಯದರ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ. ಹಲ್ಲೆಯಾದಾಗ ಲೈಂಗಿಕ ದೌರ್ಜನ್ಯದ ವಿಷಯ ಪೊಲೀಸ್ ಕೇಸಿನಲ್ಲಿ ಸೇರಲೇ ಇಲ್ಲ. ಮದುವೆಯಾಗಬೇಕಾದ ಹುಡುಗಿ, ನಾಳೆ ಎದ್ದು ಓಡಾಡುವಂತಾದರೆ ಜನ ಏನಂದಾರು ಎನ್ನುವ ಯೋಚನೆ. ಅಪರಾಧಿಗೆ ಆಗಿದ್ದು ಕೊಲೆ ಯತ್ನ ಮತ್ತು ದರೋಡೆಗೆ ಶಿಕ್ಷೆ, ಏಳು ವರ್ಷ ಜೈಲು. ಹಾಗೆ ಮಾಡಿದವರು ಅರುಣಾ ಅವರ ಮೇಲಿನ ಕಾಳಜಿಯಿಂದಲೇ ಮಾಡಿರಬಹುದು. ರೋಗಿಯ ಗುಟ್ಟು ಕಾಯುವುದು ವೈದ್ಯರ ಧರ್ಮ, ನಿಜ. ಆದರೆ ಗುಟ್ಟು ಯಾರದ್ದು? ಕಾಯಬೇಕೋ ಬೇಡವೋ ಎಂದು ಹೇಳಬೇಕಾದವಳಿಗೆ ಪ್ರಜ್ಞೆಯೇ ಇರಲಿಲ್ಲ. ಅವಳ ಪರವಾಗಿ ಬೇರೆಯವರು ತೀರ್ಮಾನ ತಗೊಂಡರು, ಅದರ ಲಾಭ ಸಿಕ್ಕಿದ್ದು ಅಪರಾಧಿಗೆ.

ಎರಡನೆಯ ಸಂಕಟ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಅರುಣಾ ಬಗ್ಗೆ ಪುಸ್ತಕ ಬರೆದಿದ್ದ ಪತ್ರಕರ್ತೆ ಪಿಂಕಿ ವಿರಾನಿ, ಇನ್ನು ಅವರಿಗೆ ಆಹಾರ ಕೊಡುವುದನ್ನು ನಿಲ್ಲಿಸಿ, ನೆಮ್ಮದಿಯಿಂದ ಹೋಗಲು ಬಿಡಿ ಎಂದು ಅರ್ಜಿ ಹಾಕಿದರು. ಎದುರು ನಿಂತವರು ಯಾರು ಗೊತ್ತೇ? ಆಸ್ಪತ್ರೆಯ ನರ್ಸ್ ಗಳು. ಅರುಣಾ ಅವರನ್ನು ಬೇರೆ ಕಡೆ ಸಾಗಿಸುತ್ತೇವೆ ಎಂದು ಹಿಂದೊಮ್ಮೆ ಪಾಲಿಕೆ ಹೊರಟಾಗ ಪ್ರತಿಭಟಿಸಿ ತಡೆದವರೂ ಅವರೇ. ಜೊತೆಗೆ ಕೆಲಸ ಮಾಡಿದವರು ರಿಟೈರ್ ಆದರು, ಅವರನ್ನು ಓಡಾಡುತ್ತಿದ್ದಾಗ ನೋಡಿಯೇ ಇಲ್ಲದ ಹುಡುಗಿಯರು ಬಂದರು, ಅವರೂ ತುತ್ತು ಮಾಡಿ ತಿನ್ನಿಸಿದರು. ಇಷ್ಟು ವರ್ಷಗಳಲ್ಲಿ ಒಂದೇ ಒಂದು ಬೆಡ್ ಸೋರ್ ಆಗಿಲ್ಲ ಅನ್ನೋದನ್ನು ಕೋರ್ಟೇ ತೀರ್ಪಿನಲ್ಲಿ ದಾಖಲಿಸಿದೆ. ಮನೆಯಲ್ಲಿ ಹಾಸಿಗೆ ಹಿಡಿದವರನ್ನು ಆರು ತಿಂಗಳು ನೋಡಿಕೊಂಡವರಿಗೆ ಇದು ಎಂಥ ಮಾತು ಅಂತ ಗೊತ್ತಾಗುತ್ತದೆ.

ವೈದ್ಯಕೀಯ ನೀತಿಶಾಸ್ತ್ರ ಓದುವವರಿಗೆ ನಾಲ್ಕು ಸೂತ್ರ ಹೇಳಿಕೊಡುತ್ತಾರೆ. ಬೀಚಂಪ್ ಮತ್ತು ಚೈಲ್ಡ್ರೆಸ್ ಎಂಬ ಇಬ್ಬರು 1979ರಲ್ಲಿ ಪುಸ್ತಕವಾಗಿ ತಂದದ್ದು. ರೋಗಿಯ ಇಚ್ಛೆಗೆ ಬೆಲೆ ಕೊಡು, ಒಳ್ಳೆಯದು ಮಾಡು, ಕೇಡು ಮಾಡಬೇಡ, ಎಲ್ಲರಿಗೂ ನ್ಯಾಯವಾಗಿ ನಡೆದುಕೋ. ಒಂದೊಂದನ್ನೇ ನೋಡಿದರೆ ನಮ್ಮಜ್ಜಿಯೂ ಒಪ್ಪುತ್ತಿದ್ದಳು. ತಾಪತ್ರಯ ಶುರುವಾಗುವುದು ಒಂದಕ್ಕೊಂದು ಜಗಳಕ್ಕೆ ಬಿದ್ದಾಗ. ಉಣಿಸುವುದು ಒಳ್ಳೆಯದು ಮಾಡಿದಂತೆ ಎಂದು ನರ್ಸ್ ಗಳು. ಹೀಗೆ ಬದುಕಿಸಿಡುವುದೇ ಕೇಡು ಎಂದು ಅರ್ಜಿದಾರರು. ಸಾಫ್ಟ್ ವೇರಿನವರಾದ ನಮಗೆ ಇಂಥ ಗೊಂದಲ ಬಂದರೆ ಕ್ಲೈಂಟಿಗೆ ಫೋನು ಹಚ್ಚಿ "ನಿಮಗೆ ಬೇಕಾದ್ದು ಯಾವುದು ಸ್ವಾಮಿ?" ಅಂತ ಕೇಳಿಬಿಡುತ್ತೇವೆ. ಇಲ್ಲಿ ಕೇಳೋಣವೆಂದರೆ ಉತ್ತರ ಹೇಳುವವರಿಲ್ಲ. ಮೂವರು ಡಾಕ್ಟರುಗಳ ತಂಡ ಅರುಣಾ ಅವರನ್ನು ಪರೀಕ್ಷಿಸಿ ಕೋರ್ಟಿಗೆ ವರದಿ ಕೊಟ್ಟಿತು. ಇಷ್ಟದ ಊಟ ಕೊಟ್ಟರೆ ಮುಖದಲ್ಲಿ ಏನೋ ಬದಲಾವಣೆ, ಕೋಣೆಯಲ್ಲಿ ಜನ ಹೆಚ್ಚಾದರೆ ಗಾಬರಿ. ಅದನ್ನು "ಬದುಕಬೇಕು" ಅಂತ ಓದಬೇಕೋ, ಬರೀ ನರಗಳ ಪ್ರತಿಕ್ರಿಯೆ ಅಂತ ಓದಬೇಕೋ?

2011ರ ಮಾರ್ಚ್ 7ರಂದು ತೀರ್ಪು ಬಂತು. ಪಿಂಕಿ ವಿರಾನಿಯವರ ಕಳಕಳಿಯನ್ನು ಮೆಚ್ಚಿಕೊಂಡೇ ಕೋರ್ಟು, ಅರುಣಾ ಪರವಾಗಿ ಮಾತಾಡುವ ಹಕ್ಕು ದಿನಾ ಅವರನ್ನು ನೋಡಿಕೊಂಡ ಆಸ್ಪತ್ರೆಯ ಸಿಬ್ಬಂದಿಯದ್ದು ಎಂದಿತು. ಅರ್ಜಿ ವಜಾ. ಆದರೆ ಅದೇ ತೀರ್ಪಿನಲ್ಲಿ, ಜೀವರಕ್ಷಕ ಚಿಕಿತ್ಸೆಯನ್ನು ಹೈಕೋರ್ಟಿನ ಒಪ್ಪಿಗೆ ಪಡೆದು ನಿಲ್ಲಿಸಬಹುದು ಎಂದು ದೇಶಕ್ಕೆಲ್ಲ ಒಂದು ಬಾಗಿಲು ತೆರೆಯಿತು. ಇಂಜೆಕ್ಷನ್ ಕೊಟ್ಟು ಸಾಯಿಸುವುದು ಮಾತ್ರ ಆಗಲೂ ಅಪರಾಧ, ಈಗಲೂ ಅಪರಾಧ. ವಿಪರ್ಯಾಸ ನೋಡಿ, ಯಾರ ಹೆಸರಿನಲ್ಲಿ ಬಾಗಿಲು ತೆರೆಯಿತೋ ಅವರು ಅದನ್ನು ದಾಟಲಿಲ್ಲ.

ನಾನಿರುವ ಈ ಅಮೆರಿಕಾದಲ್ಲಿ ಇದೆಲ್ಲ ಸುಲಭ ಅಂದುಕೊಳ್ಳಬೇಡಿ. ಫ್ಲಾರಿಡಾದ ಟೆರ್ರಿ ಶೈವೋ 1990ರಲ್ಲಿ ಪ್ರಜ್ಞೆ ಕಳೆದುಕೊಂಡರು. ಆಹಾರದ ನಳಿಕೆ ತೆಗೆಯಿರಿ, ಆಕೆಗೆ ಹೀಗೆ ಬದುಕುವುದು ಇಷ್ಟವಿರಲಿಲ್ಲ ಅಂತ ಗಂಡ. ನಮ್ಮ ಮಗಳು ಬದುಕಲಿ ಅಂತ ಅಪ್ಪ ಅಮ್ಮ. ವರ್ಷಗಟ್ಟಲೆ ಕೋರ್ಟು ಕಚೇರಿ, ಕೊನೆಗೆ ಅಮೆರಿಕದ ಸಂಸತ್ತೇ ನಡುವೆ ಬಂತು. 2005ರ ಮಾರ್ಚ್ 18ರಂದು ನಳಿಕೆ ತೆಗೆದರು, 31ಕ್ಕೆ ಟೆರ್ರಿ ತೀರಿಕೊಂಡರು. ಎರಡೂ ಕಡೆಯವರು ಪ್ರೀತಿಸಿದವರೇ. ಇಲ್ಲದಿದ್ದದ್ದು ಆಕೆಯ ಕೈಬರಹದ ಒಂದು ಹಾಳೆ.

ಆ ಹಾಳೆಗೆ ಈಗ ನಮ್ಮಲ್ಲೂ ಬೆಲೆ ಬಂದಿದೆ. ಘನತೆಯಿಂದ ಸಾಯುವುದೂ ಬದುಕುವ ಹಕ್ಕಿನ ಭಾಗ, ಮುಂಚಿತವಾಗಿ ಬರೆದಿಟ್ಟ ಉಯಿಲು ಮಾನ್ಯ ಎಂದು ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರಂದು ಹೇಳಿತು. ಆಗ ಮ್ಯಾಜಿಸ್ಟ್ರೇಟರ ಸಹಿ ಬೇಕಿತ್ತು. 2023ರಲ್ಲಿ ಅದನ್ನು ಸರಳ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಮುಂದೆ ಮಾಡಿದರೆ ಸಾಕು ಎಂದಿತು. ಚಿಕಿತ್ಸೆ ನಿಲ್ಲಿಸುವ ಮುಂಚೆ ವೈದ್ಯರ ಎರಡು ಮಂಡಳಿಗಳು ಒಪ್ಪಬೇಕು. ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಇದನ್ನು ಜಾರಿಗೆ ತರುವ ಆದೇಶ ಹೊರಡಿಸಿತು. ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮ ಈ ಹಕ್ಕಿಗಾಗಿ ಎರಡು ದಶಕಕ್ಕೂ ಹೆಚ್ಚು ಕಾಲ ಓಡಾಡಿದವರು.

ಕಾನೂನು ಬಂತು ಸರಿ, ಮಾತು ಶುರು ಮಾಡುವವರು ಯಾರು? ಹೋದ ತಿಂಗಳು ಮನೆಗೆ ಫೋನ್ ಮಾಡಿದಾಗ ಮೆಲ್ಲಗೆ ವಿಷಯ ತೆಗೆದೆ. "ಥೂ, ಬಿಡ್ತು ಅನ್ನೋ! ಶುಕ್ರವಾರದ ದಿನ ಎಂಥಾ ಮಾತಾಡ್ತೀಯ," ಎಂದು ಅಮ್ಮ ಬೈದಳು. "ಬಿಡ್ತು" ಅಂದೆ. ಸ್ವಲ್ಪ ಹೊತ್ತಾದ ಮೇಲೆ ಅಪ್ಪ ಫೋನು ತಗೊಂಡು, "ಅದಕ್ಕೇನೋ ಫಾರಂ ಇದೆ ಅಂದ್ಯಲ್ಲ, ಕಳಿಸು. ನೀನು ಅಷ್ಟು ದೂರದಿಂದ ಬಂದು ಆಸ್ಪತ್ರೆ ಬಾಗಿಲಲ್ಲಿ ನಿಂತು ಒದ್ದಾಡೋದು ಬೇಡ," ಅಂದರು.

ನಮ್ಮಂಥ ದೂರದಲ್ಲಿರುವ ಮಕ್ಕಳಿಗೆ ಐಸಿಯುವಿನಿಂದ ಒಂದು ಕರೆ ಬರುತ್ತದೆ. ವೆಂಟಿಲೇಟರ್ ಹಾಕೋದಾ, ಬೇಡ್ವಾ, ಬೇಗ ಹೇಳಿ ಅಂತ. ಆಗ ಎಷ್ಟೋ ಜನ "ಎಲ್ಲಾ ಮಾಡಿ ಡಾಕ್ಟ್ರೇ" ಅಂದುಬಿಡುತ್ತೇವೆ. ಪ್ರೀತಿಯ ಜೊತೆ, ಹತ್ತಿರ ಇರಲಿಲ್ಲವಲ್ಲ ಅನ್ನುವ ಅಳುಕೂ ಅದರಲ್ಲಿ ಮಾತಾಡುತ್ತಿರುತ್ತದೆ. ಡಾಕ್ಟರಿಗೆ ಆ ಮಾತು ಮೀರುವ ಹಾಗಿಲ್ಲ. ಅದರ ಫಲವನ್ನು ರಾತ್ರಿಯಿಡೀ ಪಕ್ಕದಲ್ಲಿ ನಿಂತು ನೋಡಬೇಕಾದವಳು ನರ್ಸ್. ಅವಳನ್ನು ಯಾರೂ ಕೇಳುವುದಿಲ್ಲ.

ಅರುಣಾ ವಿಷಯದಲ್ಲಿ ಕೋರ್ಟು ಅವಳನ್ನು ಕೇಳಿತು. ತೀರ್ಪು ಸರಿಯೋ ತಪ್ಪೋ ಅಂತ ನಾನು ಇವತ್ತಿಗೂ ಎರಡು ಮನಸ್ಸಿನವನು. ಆದರೆ ಸೋರೆಬುರುಡೆಯಂಥ ಸಿದ್ಧಾಂತಕ್ಕಿಂತ ತುತ್ತು ಉಣಿಸಿದ ಕೈಯ ಮಾತಿಗೆ ತೂಕ ಹೆಚ್ಚು ಎಂದಿತಲ್ಲ, ಅಷ್ಟನ್ನು ಮಾತ್ರ ತಳ್ಳಿಹಾಕಲು ನನ್ನಿಂದಾಗುತ್ತಿಲ್ಲ. ಅಪ್ಪನಿಗೆ ಫಾರಂ ಕಳಿಸಿದ್ದೇನೆ. ನನ್ನದೊಂದನ್ನು ಇಲ್ಲಿ ತುಂಬುತ್ತಾ ಕೂತಿದ್ದೇನೆ. "ನಿಮ್ಮ ಪರವಾಗಿ ಮಾತಾಡುವವರ ಹೆಸರು" ಅನ್ನುವ ಸಾಲಿನ ಮುಂದೆ ಪೆನ್ನು ನಿಂತುಬಿಟ್ಟಿದೆ.