ಗಡಸು ಲೋಹಗಳಿಗೆ ಸೂಕ್ತ ಕಟಿಂಗ್ ಟೂಲ್‌ಗಳ ಆಯ್ಕೆ

ಆಳಂದ ತಾಲ್ಲೂಕಿನ ಭೂಸನೂರು, ಅಫಜಲಪುರ ತಾಲ್ಲೂಕಿನ ಹಾವಳಗಾ ಹಾಗೂ ಅವಿಭಜಿತ ಜೇವರ್ಗಿ ತಾಲ್ಲೂಕಿನ ಮಳ್ಳಿಯಲ್ಲಿ ಸಕ್ಕರೆ ಕಾರ್ಖಾನೆಗಳು ಸ್ಥಾಪನೆಗೊಂಡಿವೆ. ಕಬ್ಬು ನುರಿಸುವ ಹಂಗಾಮಿನಲ್ಲಿ ಒಂದು ಶಾಫ್ಟ್ ತುಂಡಾದರೂ ಕೆಲಸ ಸ್ಥಗಿತಗೊಳ್ಳಬಹುದು. ಕಡಿದ ಕಬ್ಬು ದಿನ ಕಳೆದಂತೆ ಒಣಗಿ ತೂಕವನ್ನೂ ಸಕ್ಕರೆಯ ಅಂಶವನ್ನೂ ಕಳೆದುಕೊಳ್ಳುತ್ತದೆ. ಆದುದರಿಂದ ಇಂತಹ ದುರಸ್ತಿ ಕೈಗೊಳ್ಳುವ ಲೇತ್ ವರ್ಕ್‌ಶಾಪ್‌ಗಳಿಗೆ ಟೂಲ್ ಆಯ್ಕೆಯು ಲಾಭ-ನಷ್ಟದ ಪ್ರಶ್ನೆಯಾಗಿದೆ.

ಮೊದಲು ಲೋಹವನ್ನು ಗುರುತಿಸಬೇಕು. ಐ.ಎಸ್.ಒ. 513 ಮಾನದಂಡದ ಪ್ರಕಾರ ಕಾರ್ಬೈಡ್ ಟಿಪ್‌ಗಳಲ್ಲಿ 'ಪಿ' (ನೀಲಿ) ಉಕ್ಕಿಗೆ, 'ಎಂ' (ಹಳದಿ) ಸ್ಟೇನ್‌ಲೆಸ್ ಸ್ಟೀಲಿಗೆ, 'ಕೆ' (ಕೆಂಪು) ಬೀಡು ಕಬ್ಬಿಣಕ್ಕೆ, 'ಎಚ್' (ಬೂದು) ಗಡಸುಗೊಳಿಸಿದ ಉಕ್ಕಿಗೆ ಮೀಸಲು. ಅಕ್ಷರದ ಮುಂದಿನ ಅಂಕಿ ಚಿಕ್ಕದಾದಷ್ಟೂ ಟಿಪ್ ಹೆಚ್ಚು ಗಡಸು, ಸವೆತ ಕಡಿಮೆ. ದೊಡ್ಡದಾದಷ್ಟೂ ಪೆಟ್ಟು ತಾಳುವ ಶಕ್ತಿ ಹೆಚ್ಚು. ನಯವಾದ ಅಂತಿಮ ಕಟ್‌ಗೆ ಪಿ10 ಒಪ್ಪುತ್ತದೆ. ಕೀ-ವೇ ಇರುವ ಶಾಫ್ಟಿನಂತೆ ಕಟ್ ಬಿಟ್ಟು ಬಿಟ್ಟು ಬೀಳುವಲ್ಲಿ ಪಿ40 ಲೇಸು.

ಸ್ಟೇನ್‌ಲೆಸ್ ಸ್ಟೀಲ್ ಹಾಗೂ ಶೇ. 11ರಿಂದ 14ರಷ್ಟು ಮ್ಯಾಂಗನೀಸ್ ಇರುವ ಉಕ್ಕು, ಟೂಲ್ ಉಜ್ಜಿದಷ್ಟೂ ಮೇಲ್ಮೈಯಲ್ಲಿ ಇನ್ನಷ್ಟು ಗಡಸಾಗುತ್ತವೆ. ಅತಿ ತೆಳುವಾದ ಕಟ್ ತೆಗೆಯುವುದು, ಫೀಡನ್ನು ನಡುವೆ ನಿಲ್ಲಿಸುವುದು ಇಲ್ಲಿ ತಪ್ಪು. ಹರಿತವಾದ ಅಂಚು ಮತ್ತು ಸ್ಥಿರ ಫೀಡ್ ಅಗತ್ಯ. ಗಡಸಾದ ಪದರದ ಕೆಳಗಿನಿಂದ ಕಟ್ ಸಾಗಬೇಕು.

ಈಗ ವೆಚ್ಚದ ಲೆಕ್ಕವನ್ನು ಗಮನಿಸಬಹುದು. 100 ಮಿ.ಮೀ. ವ್ಯಾಸದ ಇ.ಎನ್. 8 ಶಾಫ್ಟನ್ನು ಹೈಸ್ಪೀಡ್ ಸ್ಟೀಲ್ ಟೂಲಿನಿಂದ ನಿಮಿಷಕ್ಕೆ 25 ಮೀಟರ್ ವೇಗದಲ್ಲಿ ಕತ್ತರಿಸಲು ಸುಮಾರು 80 ಸುತ್ತುಗಳು ಬೇಕು. ಕಾರ್ಬೈಡಿನಿಂದ 100 ಮೀಟರ್ ವೇಗದಲ್ಲಿ ಸುಮಾರು 318 ಸುತ್ತುಗಳು. ಫೀಡ್ ಸಮನಾಗಿದ್ದರೆ ನಾಲ್ಕು ಗಂಟೆಯ ಕಟಿಂಗ್ ಒಂದು ಗಂಟೆಯಲ್ಲಿ ಮುಗಿಯುತ್ತದೆ. ಲೇತಿನ ಗಂಟೆಯ ವೆಚ್ಚ 400 ರೂ. ಮತ್ತು ಟಿಪ್‌ನ ಬೆಲೆ 300 ರೂ. ಎಂದಿಟ್ಟುಕೊಂಡರೆ, 1,600 ರೂ.ಗಳ ಕೆಲಸ 700 ರೂ.ಗಳಲ್ಲಿ ಆಗುತ್ತದೆ.

ಆದರೆ ಬೇರಿಂಗ್ ಸವೆದು ಅದುರುವ ಹಳೆಯ ಲೇತಿನಲ್ಲಿ ಕಾರ್ಬೈಡ್ ಅಂಚು ಚಕ್ಕೆಯೇಳುತ್ತದೆ. ಅಂತಹ ಲೇತಿಗೆ ಹೈಸ್ಪೀಡ್ ಸ್ಟೀಲ್ ಟೂಲೇ ಇಂದಿಗೂ ಯೋಗ್ಯ. ಕೂಲಂಟನ್ನು ಒಮ್ಮೆ ಬಿಟ್ಟು ಒಮ್ಮೆ ನಿಲ್ಲಿಸಿದರೂ ಬಿಸಿಯಾದ ಕಾರ್ಬೈಡ್ ಬಿರುಕು ಬಿಡುತ್ತದೆ. ಧಾರೆ ಸತತವಾಗಿರಬೇಕು, ಇಲ್ಲವೇ ಒಣಗಟ್ಟಿನಲ್ಲೇ ಕತ್ತರಿಸಬೇಕು.

ಹಂಗಾಮು ಆರಂಭವಾಗುವ ಮುನ್ನವೇ ವರ್ಕ್‌ಶಾಪ್ ಮಾಲೀಕರು ತಮಗೆ ಬರುವ ಬಿಡಿಭಾಗಗಳ ಲೋಹ, ಒಪ್ಪಿದ ಟಿಪ್, ವೇಗ ಮತ್ತು ಫೀಡನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟು, ಅಗತ್ಯ ಟಿಪ್‌ಗಳನ್ನು ದಾಸ್ತಾನು ಮಾಡಿಕೊಳ್ಳುವುದು ಒಳಿತು.