ಅವ್ವ ಹೇಳಿದ್ದು, ನಾನು ಹೇಳದೆ ಬಿಟ್ಟದ್ದು

ಗಡಿ ಊರಿನವರಿಗೆ ಎರಡು ಭಾಷೆ ಬರುತ್ತದೆಂಬ ಹೆಮ್ಮೆ ಸ್ವಲ್ಪ ಹೆಚ್ಚೇ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತಮಿಳು, ಗೂಡಲೂರು ಪೇಟೆಗೆ ಹೋದರೆ ಮಲಯಾಳವೂ ನಾಲ್ಕು ಮಾತು. ಮಸಿನಗುಡಿಯಲ್ಲಿ ಹಸು ಸಾಕಿಕೊಂಡು ತರಕಾರಿ ವ್ಯಾಪಾರ ಮಾಡುವ ನನಗೂ ಆ ಹೆಮ್ಮೆಯಿತ್ತು. ಅದನ್ನು ಇಳಿಸಿದ್ದು ಅವ್ವನ ಕಾಯಿಲೆ.

ಅವ್ವನಿಗೆ 72 ವರ್ಷ. ಕೊಟ್ಟಿಗೆಯಲ್ಲಿ ಎರಡು ಸಲ ತಲೆ ತಿರುಗಿ ಬಿದ್ದಳು. ನಾಡಿ ನಿಮಿಷಕ್ಕೆ 40ರ ಆಸುಪಾಸು. ಹೃದಯಕ್ಕೆ ತಾಳ ಹಾಕುವ ಜಾಗವೇ ಆಗಾಗ ಸೋಲುತ್ತಿದೆ, ಪೇಸ್‌ಮೇಕರ್ ಹಾಕಿಸಬೇಕು ಎಂದರು. ಕಲ್ಹಟ್ಟಿ ಘಟ್ಟದ 36 ತಿರುವು ಹತ್ತಿ, ಊಟಿ ದಾಟಿ, ದೊಡ್ಡ ಪಟ್ಟಣದ ಆಸ್ಪತ್ರೆಯೊಂದರಲ್ಲಿ ಹಾಕಿಸಿಕೊಂಡು ಬಂದೆವು.

ಬೀಳುವುದೇನೋ ನಿಂತಿತು. ಆದರೆ ಹೊಸ ಕಾಟ ಶುರುವಾಯಿತು. ಒಂದು ಕೊಡ ನೀರು ತಂದರೆ ಏದುಸಿರು. ಎದ್ದು ನಿಂತರೆ ಕಣ್ಣು ಕತ್ತಲೆ. ಹಾಲು ಕರೆಯಲು ಕೂತವಳು ಅರ್ಧಕ್ಕೇ ಎದ್ದು ಬರುವಳು. "ಕತ್ನಲ್ಲಿ ಯಾರೋ ಕುಟ್ದಂಗಾಯ್ತದೆ ಕನ ಮಗ" ಅನ್ನುವಳು. ಆ ಆಸ್ಪತ್ರೆಗೆ ಮೂರು ಸಲ ಹೋದೆವು. ಮೂರು ಸಲವೂ ನಾನೇ ಮುಂದೆ ನಿಂತು ತಮಿಳಿನಲ್ಲಿ "ಮಯಕ್ಕಂ" ಅಂದೆ. ತಲೆಸುತ್ತು, ಅಷ್ಟೇ. ಪೆಟ್ಟಿಗೆ ಸರಿಯಾಗಿದೆ, ವಯಸ್ಸಾಯಿತಲ್ಲ ಎಂದು ಶಕ್ತಿ ಮಾತ್ರೆ ಬರೆದುಕೊಟ್ಟರು.

ಊರಿನಲ್ಲಿ ತಲೆಗೊಂದು ಮಾತು. ತೋಟದ ಸೋಲಾರ್ ಬೇಲಿಯ ಕರೆಂಟೇ ಪೆಟ್ಟಿಗೆಗೆ ತಾಗುತ್ತಿದೆ ಎಂದರು ಒಬ್ಬರು. ಅದನ್ನು ನಂಬಿ ಎರಡು ರಾತ್ರಿ ಬೇಲಿ ಆರಿಸಿದೆವು. ಆನೆ ಬಂದು ಬಾಳೆ ತಿಂದು ಹೋಯಿತು. ಅವ್ವನ ಸುಸ್ತು ಹೋಗಲಿಲ್ಲ.

ಮೈಸೂರಿನಲ್ಲಿ ಬಾಯಿ ಬಿಟ್ಟಳು

ಕೊನೆಗೆ ಒಂದು ಬೆಳಗ್ಗೆ ಬಂಡೀಪುರದ ಗೇಟು ತೆರೆಯುತ್ತಲೇ ಹೊರಟು, ಗುಂಡ್ಲುಪೇಟೆ ಮೇಲೆ ಮೈಸೂರಿನ ಜಯದೇವ ಆಸ್ಪತ್ರೆಗೆ ಹೋದೆವು. ಅಲ್ಲೂ ನಾನೇ ಬಾಯಿ ತೆರೆದೆ. ಡಾಕ್ಟರು ಕೈಯಲ್ಲೇ ನನ್ನನ್ನು ತಡೆದು, "ಅಮ್ಮ, ನೀವೇ ಹೇಳಿ" ಎಂದರು. ಅವ್ವ ಗಂಟಲಿನ ಪಕ್ಕ ಕೈಯಿಟ್ಟು, ಕುಟ್ಟುವ ಕಥೆಯನ್ನೆಲ್ಲ ಹೇಳಿದಳು.

"ಇದನ್ನು ಮೊದಲೇ ಯಾಕಮ್ಮ ಹೇಳಲಿಲ್ಲ?"

ಅವ್ವ ನನ್ನ ಮುಖ ನೋಡಿದಳು. "ಹೇಳಿದ್ದೆ."

ನಾನು ತಲೆ ತಗ್ಗಿಸಿದೆ. ಟೊಮೆಟೊ ದರಕ್ಕೆ ಒಂದು ರೂಪಾಯಿ ಬಿಡದೆ ತಮಿಳಿನಲ್ಲಿ ವಾದಿಸುವ ನಾನು, ಹೆತ್ತವಳ ಮಾತನ್ನು ಅರ್ಧಕ್ಕೇ ಬಿಟ್ಟಿದ್ದೆ.

ಡಾಕ್ಟರು ಬಿಡಿಸಿ ಹೇಳಿದರು. ಹೃದಯದಲ್ಲಿ ಮೇಲಿನ ಕೋಣೆ ಮೊದಲು ಕುಗ್ಗಿ ರಕ್ತವನ್ನು ಕೆಳಕ್ಕೆ ತಳ್ಳಬೇಕು, ಆಮೇಲೆ ಕೆಳಗಿನ ಕೋಣೆ ಅದನ್ನು ಮೈಗೆಲ್ಲ ಕಳಿಸಬೇಕು. ಅವ್ವನ ಪೇಸ್‌ಮೇಕರಿಗೆ ಇರುವುದು ಒಂದೇ ತಂತಿ, ಅದೂ ಕೆಳಗಿನ ಕೋಣೆಗೆ. ಹೀಗಾಗಿ ಎರಡಕ್ಕೂ ತಾಳ ತಪ್ಪಿತ್ತು. ಒಂದು ಎತ್ತು ಎಳೆಯುವಾಗ ಇನ್ನೊಂದು ನಿಂತರೆ ನೊಗ ಏನಾದೀತು? ನಡುವಿನ ಕವಾಟ ಮುಚ್ಚಿರುವಾಗ ಮೇಲಿನ ಕೋಣೆ ಕುಗ್ಗಿದರೆ ಒತ್ತಡ ಹಿಂದಕ್ಕೆ, ಕುತ್ತಿಗೆಯ ರಕ್ತನಾಳಕ್ಕೆ ಬಡಿಯುತ್ತದೆ. ಅವ್ವ ಹೇಳುತ್ತಿದ್ದ ಕುಟ್ಟು ಅದೇ. ಇದಕ್ಕೆ ಪೇಸ್‌ಮೇಕರ್ ಸಿಂಡ್ರೋಮ್ ಎನ್ನುತ್ತಾರಂತೆ. ಪೆಟ್ಟಿಗೆ ಕೆಟ್ಟಿರಲಿಲ್ಲ, ನಿಜ. ಅವ್ವನಿಗೆ ಹೊಂದಿರಲಿಲ್ಲ.

ಕತ್ತರಿ ಹಾಕಲಿಲ್ಲ. ಎದೆಯ ಮೇಲೆ ಒಂದು ಯಂತ್ರವಿಟ್ಟು, ನಿಮಿಷಕ್ಕೆ 70 ಇದ್ದ ಬಡಿತದ ಮಿತಿಯನ್ನು 50ಕ್ಕೆ ಇಳಿಸಿದರು. ಅವ್ವನ ಹೃದಯ ತಾನಾಗಿ ಬಡಿಯುವಷ್ಟು ಹೊತ್ತು ಪೆಟ್ಟಿಗೆ ಸುಮ್ಮನಿರುತ್ತದೆ. ಇದರಿಂದ ಗುಣ ಕಾಣದಿದ್ದರೆ ಮೇಲಿನ ಕೋಣೆಗೂ ಒಂದು ತಂತಿ ಹಾಕಬೇಕಾಗುತ್ತದೆ ಎಂದರು. ಸದ್ಯಕ್ಕೆ ಅದು ಬೇಕಾಗಿಲ್ಲ.

ನೆನಪಿರಲಿ

ಪೇಸ್‌ಮೇಕರ್ ಕಾರ್ಡನ್ನು ರೇಷನ್ ಕಾರ್ಡಿನಷ್ಟೇ ಜೋಪಾನವಾಗಿಡಿ. ತಪಾಸಣೆಯ ಯಂತ್ರ ಕಂಪನಿಗೊಂದು ಬೇರೆ. ಕಾರ್ಡಿಲ್ಲದೆ ಹೋದರೆ ಅಲೆದಾಟ. ಸುಸ್ತು, ಏದುಸಿರು ಯಾವ ಹೊತ್ತಿನಲ್ಲಿ, ಏನು ಮಾಡುವಾಗ ಬಂತು ಎಂಬುದನ್ನು ಅವರ ಮಾತಿನಲ್ಲೇ ಪುಸ್ತಕದಲ್ಲಿ ಬರೆದಿಡಿ. ಹೊಲಿಗೆಯ ಜಾಗ ಊದಿದರೆ, ಕೆಂಪಾದರೆ, ಕೀವು ಅಥವಾ ಜ್ವರ ಬಂದರೆ, ಬಿಡದೆ ಬಿಕ್ಕಳಿಕೆ ಬಂದರೆ, ಪ್ರಜ್ಞೆ ತಪ್ಪಿದರೆ ತಡಮಾಡಬೇಡಿ. ಮಾತ್ರೆಗಳನ್ನು ನೀವಾಗಿ ನಿಲ್ಲಿಸಬೇಡಿ.

ಸೋಲಾರ್ ಬೇಲಿಗೆ ಅನವಶ್ಯಕ ಹೆದರಿಕೆ ಬೇಡ. ಆದರೆ ತಂತಿ ಮುಟ್ಟಬಾರದು, ಬೇಲಿಯಿಂದಲೂ ಅದರ ಕರೆಂಟು ಪೆಟ್ಟಿಗೆಯಿಂದಲೂ ಒಂದು ಅಡಿಗಿಂತ ದೂರವೇ ಇರಬೇಕು. ಪೇಸ್‌ಮೇಕರ್ ಇರುವ ಕಡೆಯ ಜೇಬಿನಲ್ಲಿ ಮೊಬೈಲ್ ಬೇಡ. ಸ್ಕ್ಯಾನಿಂಗ್‌ಗೆ ಹೋದರೆ ಮೊದಲೇ ತಿಳಿಸಿ.

ಬಂಡೀಪುರ ರಸ್ತೆಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿಷೇಧವಿದೆ. ಆಂಬುಲೆನ್ಸ್‌ಗೆ ಆ ತಡೆಯಿಲ್ಲ. ಇನ್ನು ನಿಮ್ಮ ವಿಮೆ ಕಾರ್ಡು ಗಡಿಯಾಚೆ ನಡೆಯುತ್ತದೆಯೇ ಎಂದು ಹೊರಡುವ ಮೊದಲೇ ಕೇಳಿಕೊಳ್ಳಿ.

ಅವ್ವ ಈಗ ಮತ್ತೆ ಹಾಲು ಕರೆಯುತ್ತಾಳೆ. ಮೊನ್ನೆ ಮಂಡಿನೋವೆಂದು ಊಟಿಗೆ ಕರೆದುಕೊಂಡು ಹೋಗಿದ್ದೆ. ತಮಿಳಿನಲ್ಲಿ ಎಲ್ಲ ವಿವರಿಸಿ ಮುಗಿಸಿದೆ. ಪಕ್ಕದಲ್ಲಿದ್ದ ಅವ್ವ ಮೊಣಕೈಯಲ್ಲಿ ತಿವಿದು ಕೇಳಿದಳು: "ಪೂರ್ತಿ ಹೇಳ್ದಾ?"