ಹಿಟ್ಟು ಹೊದ್ದ ಬೇಟೆಗಾರ

ದೊಡ್ಡಬಳ್ಳಾಪುರದ ಕಡೆಯ ಒಂದು ಸೀಬೆ ತೋಟ. ಕಾಯಿಯ ತೊಟ್ಟಿನ ಸುತ್ತ ಹಿಟ್ಟು ತಿಗಣೆ ಬೆಳ್ಳಗೆ ಮೆತ್ತಿಕೊಂಡಿತ್ತು. ಅದರ ನಡುವೆ ಎಲ್ಲಕ್ಕಿಂತ ದಪ್ಪಗಿದ್ದ ಹುಳುವನ್ನು ಕಡ್ಡಿಯಿಂದ ಕೆಡವಲು ಹೋದೆ. “ಅಯ್ಯೋ, ಅದನ್ನ ಮುಟ್ಟಬ್ಯಾಡಿ ಸಾರ್, ಅದು ನಮ್ಮ ಕಡೇದು” ಎಂದು ತೋಟದ ಯಜಮಾನಿ ಕೈ ಅಡ್ಡ ಹಿಡಿದರು.

ಭೂತಗನ್ನಡಿಯಲ್ಲಿ ನೋಡಿದೆ. ಮೈತುಂಬ ಬಿಳಿ ಮೇಣದ ಎಳೆಗಳು, ಹತ್ತಿ ಬತ್ತಿಗಳನ್ನು ಸಾಲಾಗಿ ಅಂಟಿಸಿದ ಹಾಗೆ. ಥೇಟ್ ಹಿಟ್ಟು ತಿಗಣೆ! ಆದರೆ ತಿಗಣೆಗಳು ರಸ ಹೀರುತ್ತ ಕೂತಲ್ಲೇ ಕೂತಿದ್ದರೆ, ಇದು ಸರಸರ ಓಡಾಡುತ್ತಿತ್ತು. ಒಂದು ತಿಗಣೆಯ ಮೊಟ್ಟೆಚೀಲಕ್ಕೆ ತಲೆ ತೂರಿಸಿತು. ಹತ್ತಿಯಂಥ ಚೀಲ ನೋಡನೋಡುತ್ತಲೇ ಕುಸಿಯಿತು. ಬಿಸಿಲು ನೆತ್ತಿಗೇರಿದರೂ ನನಗೆ ಅಲ್ಲಿಂದ ಏಳಲು ಮನಸ್ಸಾಗಲಿಲ್ಲ.

ಇದು ಕ್ರಿಪ್ಟೋಲೀಮಸ್ ಎಂಬ ಗುಲಗಂಜಿ ಹುಳುವಿನ ಮರಿ. ಬೆಳೆದರೆ 4 ಮಿ.ಮೀ. ಆಸುಪಾಸಿನ ದುಂಬಿ: ಕಪ್ಪು ಬೆನ್ನು, ಕಿತ್ತಳೆ ತಲೆ, ಚುಕ್ಕಿಯೇ ಇಲ್ಲ. ಮರಿ ಮಾತ್ರ ಬಲಿತ ತಿಗಣೆಗಿಂತಲೂ ಎರಡು ಮೂರು ಪಟ್ಟು ಉದ್ದ. ನಾನು ಕಂಡ ಮಿತ್ರ ಕೀಟಗಳ ಭಿತ್ತಿಪತ್ರಗಳಲ್ಲೆಲ್ಲ ಚುಕ್ಕಿಯ ಕೆಂಪು ದುಂಬಿಯದೇ ಚಿತ್ರ. ಮರಿಯನ್ನು ತೋರಿಸದಿದ್ದರೆ ಔಷಧಿ ಹೊಡೆಯುವವರಿಗೆ ಗುರುತು ಸಿಗುವುದಾದರೂ ಹೇಗೆ?

ಆಸ್ಟ್ರೇಲಿಯಾ ಮೂಲದ ಇದನ್ನು 1898ರಲ್ಲಿ ಭಾರತಕ್ಕೆ ತಂದದ್ದು ಕಾಫಿಯ ಹಸಿರು ಶಲ್ಕ ಕೀಟಕ್ಕೆಂದು. ಅಲ್ಲಿ ಕೈಕೊಟ್ಟಿತು, ಆದರೆ ದಕ್ಷಿಣದಲ್ಲಿ ಹಿಟ್ಟು ತಿಗಣೆಗಳನ್ನು ತಿಂದುಕೊಂಡು ಇಲ್ಲಿಯದೇ ಆಯಿತು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ದ್ರಾಕ್ಷಿ, ಸೀಬೆ ತೋಟಗಳಲ್ಲಿ ಬಿಟ್ಟು ಇದರ ಕೆಲಸ ನೋಡಿದ್ದಾರೆ. ಪ್ರಯೋಗಾಲಯದಲ್ಲಿ ಸಾಕಲು ಬೇಕಾಗುವುದು ಕುಂಬಳಕಾಯಿ: ಅದರ ಮೇಲೆ ಮೊದಲು ತಿಗಣೆ ಬೆಳೆಸಿ, ಆಮೇಲೆ ದುಂಬಿ ಬಿಡುತ್ತಾರೆ.

ಎರಡು ವರ್ಷದ ಹಿಂದೆ ಅಂಗಡಿಯವರ ಮಾತು ಕೇಳಿ ಯಜಮಾನಿ ಇಡೀ ತೋಟಕ್ಕೆ ಔಷಧಿ ಹೊಡೆಸಿದ್ದರಂತೆ. ಮೇಣದ ಹೊದಿಕೆಯ ಮರೆಯಲ್ಲಿ ತಿಗಣೆಯ ಮೊಟ್ಟೆಗಳು ಬದುಕಿಕೊಂಡವು, ಗುಲಗಂಜಿ ಹುಳುಗಳು ಉದುರಿಹೋದವು. ಈಗ ಅವರ ಮೊದಲ ಕಣ್ಣು ಇರುವೆಯ ಮೇಲೆ. ತಿಗಣೆ ಸುರಿಸುವ ಸಿಹಿ ಅಂಟಿನ ಆಸೆಗೆ ಇರುವೆಗಳು ಕಾವಲು ನಿಂತು ದುಂಬಿಗಳನ್ನು ಅಟ್ಟುತ್ತವೆ. ಹಾಗಾಗಿ ಕಾಂಡಗಳಿಗೆಲ್ಲ ಅಂಟುಪಟ್ಟಿ ಸುತ್ತಿದ್ದಾರೆ, ನೆಲಕ್ಕೆ ತಾಗುವ ರೆಂಬೆಗಳನ್ನು ಸವರಿದ್ದಾರೆ.

ಹೊರಡುವಾಗ ಅವರು ಹಳೇ ಸೀರೆಯ ಕೆಂಪು ಅಂಚನ್ನು ಹರಿದು ಆ ಕೊಂಬೆಗೆ ಕಟ್ಟಿದರು. ನಾಳೆ ಪಂಪು ಹೊತ್ತು ಬರುವ ಹುಡುಗ ಈ ಗಿಡ ಬಿಟ್ಟು ಮುಂದೆ ಹೋಗಬೇಕು.